ಸ್ಟೋನ್ ರೋಸಸ್: ಒಂದು ವಾದ್ಯಮೇಳದ ಒಡಕು ಮತ್ತು ಮರುಕೂಡಿಕೆ

ಮ್ಯಾಂಚೆಸ್ಟರ್ ನಗರದ ಉತ್ತರ ಅಂಚಿನಲ್ಲಿ ಹೀಟನ್ ಪಾರ್ಕ್ ಎಂಬ ವಿಶಾಲವಾದ ಉದ್ಯಾನವಿದೆ. 600 ಎಕರೆಗೂ ಮಿಕ್ಕ ಈ ಜಾಗದಲ್ಲಿ 1982ರ ಮೇ ತಿಂಗಳಿನಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರು ಬಲಿಪೂಜೆಯನ್ನು ನೆರವೇರಿಸಿದಾಗ ಸೇರಿದ್ದ ಜನಸ್ತೋಮವನ್ನು ಊರಿನ ಹಿರಿಯರು ಇಂದಿಗೂ ನೆನೆಯುತ್ತಾರೆ. ಅದಾದ ಮೂವತ್ತು ವರ್ಷಗಳ ಮೇಲೆ, 2012ರ ಜೂನ್ 29, 30 ಮತ್ತು ಜುಲೈ 1ರಂದು, ಅದೇ ಉದ್ಯಾನದಲ್ಲಿ ಐವತ್ತರ ಆಸುಪಾಸಿನ ನಾಲ್ವರು ಗಂಡಸರು ಮೂರು ರಾತ್ರಿ ಹಾಡಿ ನುಡಿಸಿದರು. ಮೂರು ರಾತ್ರಿಗಳ 2,20,000 ಟಿಕೆಟ್‌ಗಳು 68 ನಿಮಿಷಗಳಲ್ಲಿ ಮಾರಾಟವಾಗಿದ್ದವು. ಆ ನಾಲ್ವರು ತಮ್ಮ ಇಡೀ ಬಾಳಿನಲ್ಲಿ ಜೊತೆಯಾಗಿ ಹೊರತಂದದ್ದು ಎರಡೇ ಎರಡು ಆಲ್ಬಂಗಳನ್ನು. ಅದರಲ್ಲಿ ಎರಡನೆಯದನ್ನು ಬಹಳ ಮಂದಿ ಅಷ್ಟಾಗಿ ಮೆಚ್ಚಿದವರಲ್ಲ. ಆ ವರ್ಷ ಮತ್ತೆ ಕೂಡಿ ನುಡಿಸುವ ಮುನ್ನ ಅವರು ನಾಲ್ವರೂ ಒಂದೇ ವೇದಿಕೆಯ ಮೇಲೆ ಜನರೆದುರು ನಿಂತು 22 ವರ್ಷಗಳಾಗಿದ್ದವು.

ದಿ ಸ್ಟೋನ್ ರೋಸಸ್ ಎಂಬ ಈ ತಂಡದ ಹೆಸರು ಬ್ರಿಟನ್ನಿನ ಉತ್ತರ ಭಾಗದಲ್ಲಿ ನೆಲೆಸಿರುವ ಕನ್ನಡಿಗರ ಕಿವಿಗೆ ಒಮ್ಮೆಯಾದರೂ ಬಿದ್ದಿರುತ್ತದೆ. ಸಹೋದ್ಯೋಗಿಗಳ ಹರಟೆಯಲ್ಲೋ, ಮಕ್ಕಳ ಕೋಣೆಯಿಂದಲೋ, ಫುಟ್‌ಬಾಲ್ ಮೈದಾನದ ಧ್ವನಿವರ್ಧಕದಿಂದಲೋ. ಶಾಸ್ತ್ರೀಯ ಸಂಗೀತ ಮತ್ತು ಭಾವಗೀತೆಗಳಲ್ಲಿ ಪಳಗಿದ ನನ್ನ ಕಿವಿಗೆ ಮೊದಮೊದಲು ಇದು ಗದ್ದಲವಾಗಿಯೇ ಕೇಳಿತೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಈ ತಂಡ ಒಡೆದದ್ದು ಹೇಗೆ, ಮತ್ತೆ ಕೂಡಿದ್ದು ಹೇಗೆ ಎಂಬ ಕಥೆಯನ್ನು ತಿಳಿದ ಮೇಲೆ ನಾನು ಹಾಡುಗಳ ಕಡೆಗೆ ಹಿಂದಿರುಗಿದೆ. ಈ ಲೇಖನವೂ ಅದೇ ಹಾದಿಯಲ್ಲಿ ಸಾಗುತ್ತದೆ.

'ಆಲ್ಟರ್ನೇಟಿವ್ ರಾಕ್' ಎಂಬ ಹೆಸರಿನ ಬಗ್ಗೆ ಮೊದಲು ಒಂದು ಮಾತು. 1980ರ ದಶಕದಲ್ಲಿ ದೊಡ್ಡ ಧ್ವನಿಮುದ್ರಣ ಕಂಪನಿಗಳ ಹಂಗಿಲ್ಲದೆ, ಸಣ್ಣ ಸ್ವತಂತ್ರ ಸಂಸ್ಥೆಗಳ ಮೂಲಕ ತಮ್ಮ ಹಾಡುಗಳನ್ನು ಹೊರತರುತ್ತಿದ್ದ ತಂಡಗಳ ಸಂಗೀತಕ್ಕೆ ಈ ಹೆಸರು ರೂಢಿಯಾಯಿತು. ನವ್ಯದ ಕಾಲದಲ್ಲಿ 'ಸಾಕ್ಷಿ', 'ಸಂಕ್ರಮಣ'ಗಳಂತಹ ಕಿರುಪತ್ರಿಕೆಗಳು ಕನ್ನಡದಲ್ಲಿ ಮಾಡಿದ ಕೆಲಸವನ್ನು ನೆನೆದರೆ ಇದರ ಸ್ವರೂಪ ಹೊಳೆಯುತ್ತದೆ. ಬಂಡವಾಳ ಕಡಿಮೆ, ಓದುಗರು ಅಥವಾ ಕೇಳುಗರು ಕೆಲವೇ ಮಂದಿ, ಆದರೆ ಮುಂದಿನ ಪೀಳಿಗೆಯ ಅಭಿರುಚಿ ರೂಪುಗೊಳ್ಳುವುದು ಅಲ್ಲಿಯೇ. ಬತ್ತಿಹೋದ ಹತ್ತಿ ಗಿರಣಿಗಳ ಊರಾಗಿದ್ದ ಮ್ಯಾಂಚೆಸ್ಟರ್ ಈ ಬಗೆಯ ಸಂಗೀತದ ತವರಾಯಿತು. ಫ್ಯಾಕ್ಟರಿ ರೆಕಾರ್ಡ್ಸ್ ಎಂಬ ಸಂಸ್ಥೆ, 1982ರಲ್ಲಿ ತೆರೆದ ಹಸಿಯೆಂಡಾ ಎಂಬ ನೃತ್ಯಶಾಲೆ, ಜಾಯ್ ಡಿವಿಷನ್, ದಿ ಸ್ಮಿತ್ಸ್‌ನಂತಹ ತಂಡಗಳು, ಇವೆಲ್ಲ ಸೇರಿ ಊರಿಗೆ ಹೊಸದೊಂದು ಹೆಮ್ಮೆಯನ್ನು ತಂದುಕೊಟ್ಟಿದ್ದವು.

ಇಯಾನ್ ಬ್ರೌನ್ ಮತ್ತು ಜಾನ್ ಸ್ಕ್ವಯರ್ ಮ್ಯಾಂಚೆಸ್ಟರಿನ ದಕ್ಷಿಣಕ್ಕಿರುವ ಟಿಂಪರ್ಲಿಯ ಒಂದೇ ಬೀದಿಯ ಹುಡುಗರು. ಬ್ರೌನ್ ಹುಟ್ಟಿದ್ದು ವಾರಿಂಗ್ಟನ್ನಿನಲ್ಲಿ. ಅವನ ಕುಟುಂಬ ಟಿಂಪರ್ಲಿಯ ಸಿಲ್ವನ್ ಅವೆನ್ಯೂಗೆ ಬಂದು ನೆಲೆಸಿದಾಗ ಸ್ಕ್ವಯರ್ ನೆರೆಯವನಾದ. ಮುಂದೆ ಇಬ್ಬರೂ ಆಲ್ಟ್ರಿಂಚಮ್ಮಿನ ಗ್ರಾಮರ್ ಶಾಲೆಗೆ ಹೋದರು. ಒಬ್ಬ ಮಾತಿನ ಮಲ್ಲ, ಇನ್ನೊಬ್ಬ ಮೌನಿ. ಸ್ಕ್ವಯರ್ ಚಿತ್ರ ಬರೆಯುತ್ತಿದ್ದ, ಕೋಣೆಯಲ್ಲಿ ಕುಳಿತು ಗಿಟಾರ್ ಕಲಿಯುತ್ತಿದ್ದ. ಬ್ರೌನ್‌ಗೆ ಯಾವ ವಾದ್ಯವೂ ಕೈಹತ್ತಲಿಲ್ಲ, ಕಂಠವೂ ಹೇಳಿಕೊಳ್ಳುವಂಥದ್ದಲ್ಲ, ಆದರೆ ಎದುರಿಗೆ ಬಂದು ನಿಂತರೆ ಜನ ಅವನನ್ನೇ ನೋಡುತ್ತಿದ್ದರು. 'ದಿ ಪ್ಯಾಟ್ರೋಲ್' ಮೊದಲಾದ ಹೆಸರುಗಳಲ್ಲಿ ಕೈಯಾಡಿಸಿದ ಮೇಲೆ 1983ರಲ್ಲಿ ಸ್ಟೋನ್ ರೋಸಸ್ ರೂಪುಗೊಂಡಿತು. ಮರುವರ್ಷ ಡ್ರಮ್ಸ್ ನುಡಿಸಲು ಅಲನ್ ರೆನ್ ಬಂದ. ಎಲ್ಲರೂ ಅವನನ್ನು ಕರೆಯುವುದು ರೆನಿ ಎಂದು.

ಮುಂದಿನ ನಾಲ್ಕು ವರ್ಷ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ರೈಲು ನಿಲ್ದಾಣದ ಹಿಂದಿನ ಉಗ್ರಾಣಗಳಲ್ಲಿ ನಡುರಾತ್ರಿಯ ಕಛೇರಿಗಳು, ಜಾಯ್ ಡಿವಿಷನ್ನಿನ ಧ್ವನಿಗೆ ರೂಪ ಕೊಟ್ಟಿದ್ದ ಮಾರ್ಟಿನ್ ಹ್ಯಾನೆಟ್ ಮುದ್ರಿಸಿಕೊಟ್ಟ 1985ರ ಒಂದು ಸಿಂಗಲ್, ನಗರದ ಕಟ್ಟಡಗಳ ಮೇಲೆ ತಂಡದ ಹೆಸರನ್ನು ಬಣ್ಣದಲ್ಲಿ ಬಳಿದು ಪತ್ರಿಕೆಗಳಿಂದ ಉಗಿಸಿಕೊಂಡದ್ದು, ಇಷ್ಟೇ. ಆರಂಭದ ಇಬ್ಬರು ಸದಸ್ಯರು ಒಬ್ಬರ ಹಿಂದೊಬ್ಬರು ಹೊರಟುಹೋದರು. 1987ರ ಕೊನೆಯಲ್ಲಿ ಬೇಸ್ ಗಿಟಾರ್ ಹಿಡಿದು ಗ್ಯಾರಿ ಮೌನ್‌ಫೀಲ್ಡ್ ಬಂದ. ಅವನ ಅಡ್ಡಹೆಸರು ಮ್ಯಾನಿ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ನಮ್ಮ ಕಣ್ಣಿಗೆ ಅದು 'ಮಣಿ' ಎಂದೇ ಕಾಣುತ್ತದೆ. ಅವನು ಉತ್ತರ ಮ್ಯಾಂಚೆಸ್ಟರಿನ ಕ್ರಂಪ್ಸಲ್‌ನಲ್ಲಿ ಹುಟ್ಟಿದವನು. ಅಲ್ಲಿರುವ ನಾರ್ತ್ ಮ್ಯಾಂಚೆಸ್ಟರ್ ಜನರಲ್ ಆಸ್ಪತ್ರೆಯಿಂದಾಗಿ ನಮ್ಮ ವೈದ್ಯಬಂಧುಗಳಿಗೆ ಆ ಊರು ಚೆನ್ನಾಗಿ ಗೊತ್ತು. ಹೀಟನ್ ಪಾರ್ಕ್ ಅಲ್ಲಿಗೆ ಹತ್ತಿರ.

ಬೇಸ್ ಗಿಟಾರಿನ ಪಾತ್ರವನ್ನು ತಿಳಿಯದೆ ಈ ತಂಡದ ಮಹಿಮೆ ಅರ್ಥವಾಗದು. ನಾಲ್ಕು ದಪ್ಪ ತಂತಿಗಳ ಈ ವಾದ್ಯ ಕೆಳಸ್ಥಾಯಿಯಲ್ಲಿ ಹಾಡಿನ ನಡಿಗೆಯನ್ನು ಹಿಡಿದುಕೊಂಡು ಹೋಗುತ್ತದೆ. ಒಂದು ಕಡೆ ತಾಳಕ್ಕೂ ಇನ್ನೊಂದು ಕಡೆ ರಾಗಕ್ಕೂ ಕೈಕೊಟ್ಟು ನಿಲ್ಲುತ್ತದೆ. ಯಕ್ಷಗಾನದಲ್ಲಿ ಭಾಗವತರ ಕಂಠ ಎಷ್ಟೇ ಸೊಗಸಾಗಿರಲಿ, ಚೆಂಡೆ ಮದ್ದಳೆಗಳು ಒಂದನ್ನೊಂದು ಅರಿತು ನುಡಿಯದಿದ್ದರೆ ಆಟ ಕಳೆಗಟ್ಟುವುದಿಲ್ಲ. ಬಹುಪಾಲು ರಾಕ್ ತಂಡಗಳಲ್ಲಿ ಡ್ರಮ್ಸ್ ಬಡಿತಕ್ಕೆ ಒಂದೇ ಕೆಲಸ, ತಾಳವನ್ನು ಕಾಯುವುದು. ರೆನಿ ಹಾಗಲ್ಲ. ಅವನ ಕೈಯಲ್ಲಿ ತಾಳ ಸಡಿಲವಾಗಿ ಬಳುಕುತ್ತಿತ್ತು. ನುಡಿಸುತ್ತಲೇ ಅವನು ಬ್ರೌನ್‌ನ ದನಿಗೆ ಮೇಲುದನಿಯನ್ನೂ ಕೂಡಿಸುತ್ತಿದ್ದ. ಆ ಬಳುಕಿಗೆ ತಕ್ಕ ನಡಿಗೆ ಮ್ಯಾನಿಯ ಬೆರಳುಗಳಲ್ಲಿತ್ತು. ಅಮೆರಿಕದ ಕಪ್ಪು ಜನಾಂಗದ ಫಂಕ್ ಸಂಗೀತವನ್ನು ಹೊಟ್ಟೆತುಂಬ ಕೇಳಿ ಬೆಳೆದವನು ಮ್ಯಾನಿ. ಹೀಗಾಗಿ, ಕುಳಿತು ಕೇಳುವ ಗಿಟಾರ್ ಸಂಗೀತವೂ ಎದ್ದು ಕುಣಿಯುವ ನೃತ್ಯಶಾಲೆಯ ಸಂಗೀತವೂ ಬೇರೆಬೇರೆಯಾಗಿದ್ದ ಕಾಲದಲ್ಲಿ ಈ ನಾಲ್ವರು ಅವೆರಡನ್ನೂ ಒಂದೇ ಹಾಡಿನಲ್ಲಿ ತಂದರು.

ಜಾನ್ ಲೆಕಿ ನಿರ್ಮಾಪಕನಾಗಿದ್ದ ಮೊದಲ ಆಲ್ಬಂ 1989ರಲ್ಲಿ ಸಿಲ್ವರ್‌ಟೋನ್ ಎಂಬ ಸಂಸ್ಥೆಯಿಂದ ಹೊರಬಂತು. ಅದಕ್ಕೆ ಇಟ್ಟ ಹೆಸರೂ ತಂಡದ್ದೇ. ಹೊದಿಕೆಯ ಚಿತ್ರವನ್ನು ಸ್ಕ್ವಯರ್ ತಾನೇ ಬರೆದ: ಅಮೆರಿಕದ ಜಾಕ್ಸನ್ ಪೊಲಾಕ್‌ನ ರೀತಿಯಲ್ಲಿ ಎರಚಿದ ಬಣ್ಣ, ಅದರ ನಡುವೆ ಫ್ರೆಂಚ್ ಧ್ವಜದ ಮೂರು ಪಟ್ಟಿ, ಮತ್ತು ನಿಂಬೆಹಣ್ಣಿನ ಹೋಳುಗಳು. 1968ರ ಪ್ಯಾರಿಸ್ ದಂಗೆಯಲ್ಲಿ ಅಶ್ರುವಾಯುವಿನ ಉರಿಗೆ ಚಳವಳಿಗಾರರು ನಿಂಬೆಹಣ್ಣನ್ನು ಬಳಸುತ್ತಿದ್ದರೆಂಬ ಕಥೆ ಅದರ ಹಿಂದಿದೆ. ಆ ನಿಂಬೆಯ ಹೋಳು ಇಂದಿಗೂ ಮ್ಯಾಂಚೆಸ್ಟರಿನಲ್ಲಿ ಅಂಗಿಗಳ ಮೇಲೆ, ಗೋಡೆಗಳ ಮೇಲೆ ಕಾಣುತ್ತದೆ. ಈ ಆಲ್ಬಮ್ಮಿನ ಹಾಡುಗಳ ಕೆಳಗೆ ರಚನೆಕಾರರಾಗಿ ಬ್ರೌನ್ ಮತ್ತು ಸ್ಕ್ವಯರ್ ಇಬ್ಬರ ಹೆಸರೂ ಜೊತೆಯಾಗಿದೆ ಎಂಬುದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು.

ಅದೇ ವರ್ಷದ ನವೆಂಬರ್‌ನಲ್ಲಿ ಬಂದ 'ಫೂಲ್ಸ್ ಗೋಲ್ಡ್' ತಂಡವನ್ನು ಮನೆಮನೆಗೆ ಮುಟ್ಟಿಸಿತು. ಸುಮಾರು ಹತ್ತು ನಿಮಿಷದ ಹಾಡು. ಅದರಲ್ಲಿ ಬೇಸ್ ಗಿಟಾರ್ ಮುಂದೆ, ಹಾಡುಗಾರ ಹಿಂದೆ. ಆ ತಿಂಗಳು ಬಿಬಿಸಿಯ 'ಟಾಪ್ ಆಫ್ ದ ಪಾಪ್ಸ್' ಕಾರ್ಯಕ್ರಮದ ಒಂದೇ ಸಂಚಿಕೆಯಲ್ಲಿ ಮ್ಯಾಂಚೆಸ್ಟರಿನ ಎರಡು ತಂಡಗಳು, ಇವರು ಮತ್ತು ಹ್ಯಾಪಿ ಮಂಡೇಸ್, ಕಾಣಿಸಿಕೊಂಡವು. ಊರಿಗೆ 'ಮ್ಯಾಡ್‌ಚೆಸ್ಟರ್' ಎಂಬ ಹುಚ್ಚು ಹೆಸರು ಅಂಟಿತು. ದೊಗಲೆ ಪ್ಯಾಂಟು ಮತ್ತು ರೆನಿ ಧರಿಸುತ್ತಿದ್ದ ಬಟ್ಟೆಯ ಟೋಪಿ ಯುವಕರ ಸಮವಸ್ತ್ರವಾದವು. ಆ ದೊಗಲೆ ಜೀನ್ಸ್‌ಗಳನ್ನು ಮಾರಿ ಹೆಸರಾದ 'ಜೋ ಬ್ಲಾಗ್ಸ್' ಕಂಪನಿಯನ್ನು ಕಟ್ಟಿದವರು ಕರಾಚಿಯಲ್ಲಿ ಹುಟ್ಟಿ ಲ್ಯಾಂಕಶೈರಿನಲ್ಲಿ ಬೆಳೆದ ಶಮಿ ಅಹ್ಮದ್. ನಮ್ಮ ಉಪಖಂಡದವರು ಈ ಕಥೆಯ ಅಂಚಿನಲ್ಲಿ ಹೀಗೆ ಸುಳಿಯುತ್ತಾರೆ. ನಡುವಿಗೆ ಬರುವವರೊಬ್ಬರಿದ್ದಾರೆ, ಅವರ ಸರದಿ ಆಮೇಲೆ.

1990ರ ಜನವರಿಯ ಘಟನೆಯೊಂದು ತಂಡದ ಸ್ವಭಾವವನ್ನು ತೋರಿಸುತ್ತದೆ. ಇವರ 1987ರ 'ಸ್ಯಾಲಿ ಸಿನಮನ್' ಎಂಬ ಹಾಡನ್ನು ಹೊರತಂದಿದ್ದ ವುಲ್ವರ್‌ಹ್ಯಾಂಪ್ಟನ್ನಿನ ಎಫ್‌ಎಂ ರಿವಾಲ್ವರ್ ಸಂಸ್ಥೆ ಅದನ್ನು ಮತ್ತೆ ಬಿಡುಗಡೆ ಮಾಡಿ, ತಂಡದ ಒಪ್ಪಿಗೆಯಿಲ್ಲದೆ ಒಂದು ವಿಡಿಯೊವನ್ನೂ ತಯಾರಿಸಿತು. ನಾಲ್ವರೂ ಬಣ್ಣದ ಡಬ್ಬಗಳೊಂದಿಗೆ ಆ ಕಚೇರಿಗೆ ನುಗ್ಗಿ ಗೋಡೆ, ಪೀಠೋಪಕರಣ, ಕಾರು, ಮನುಷ್ಯರು ಎನ್ನದೆ ಎಲ್ಲದರ ಮೇಲೂ ಸುರಿದರು. ನ್ಯಾಯಾಲಯ ತಲಾ 3,000 ಪೌಂಡ್ ದಂಡ ವಿಧಿಸಿತು. ಹೊದಿಕೆಯ ಚಿತ್ರವನ್ನೇ ಕಚೇರಿಯ ಮೇಲೆ ಬರೆದರೆಂದು ಅಭಿಮಾನಿಗಳು ನಗುತ್ತಾರೆ. ನನಗೆ ಇದರಲ್ಲಿ ಕಾಣುವುದು ಬೇರೆ. ಕಾಗದಪತ್ರಗಳ ಲೋಕದಲ್ಲಿ ತಮಗೆ ಅನ್ಯಾಯವಾದಾಗ ಈ ಹುಡುಗರಿಗೆ ಗೊತ್ತಿದ್ದ ದಾರಿ ಇದೊಂದೇ. ಮುಂದಿನ ಪೆಟ್ಟು ಬಂದದ್ದೂ ಕಾಗದಪತ್ರಗಳಿಂದಲೇ.

ಅದಕ್ಕೆ ಮುಂಚೆ ಸ್ಪೈಕ್ ಐಲೆಂಡ್. 1990ರ ಮೇ 27ರಂದು ಚೆಷೈರಿನ ವಿಡ್ನೆಸ್ ಪಟ್ಟಣದ ಅಂಚಿನಲ್ಲಿ, ಮರ್ಸಿ ನದಿಗೂ ಹಳೆಯ ಕಾಲುವೆಗೂ ನಡುವಿನ ನೆಲದ ಮೇಲೆ, ಸುಮಾರು 27,000 ಮಂದಿ ಸೇರಿದರು. 1847ರಲ್ಲಿ ಜಾನ್ ಹಚಿನ್ಸನ್ ಎಂಬಾತ ಕ್ಷಾರದ ಕಾರ್ಖಾನೆ ತೆರೆದ ಜಾಗ ಅದು. ಬ್ರಿಟನ್ನಿನ ರಾಸಾಯನಿಕ ಉದ್ಯಮ ಹುಟ್ಟಿದ ತಾಣಗಳಲ್ಲೊಂದು. ಅಂದು ಗಾಳಿ ಬೀಸಿ ಧ್ವನಿಯನ್ನು ಎತ್ತಲೋ ಒಯ್ದಿತು, ಏರ್ಪಾಡುಗಳು ಸಾಲದಾದವು, ಹಿಂದೆ ನಿಂತವರಿಗೆ ಹಾಡು ಸರಿಯಾಗಿ ಕೇಳಲಿಲ್ಲ. ಆದರೂ ಆ ದಿನ ಅಲ್ಲಿದ್ದೆವೆಂದು ಹೇಳಿಕೊಳ್ಳುವವರ ಸಂಖ್ಯೆ ವರ್ಷವರ್ಷವೂ ಬೆಳೆಯುತ್ತಿದೆ. ಲಂಡನ್ನಿನ ದೊಡ್ಡ ಸಭಾಂಗಣಗಳ ಗೊಡವೆ ಬಿಟ್ಟು ಉತ್ತರದ ಈ ಕಾರ್ಖಾನೆಗಳ ನಡುವೆ ಜನರನ್ನು ಕರೆದದ್ದೇ ಒಂದು ಹೇಳಿಕೆಯಾಗಿತ್ತು. ಎರಡು ವಾರದ ಬಳಿಕ, ಜೂನ್ 9ರಂದು, ಗ್ಲಾಸ್ಗೋದಲ್ಲಿ ನುಡಿಸಿದರು. ಮುಂದಿನ 22 ವರ್ಷಗಳವರೆಗೆ ಅದೇ ಆ ನಾಲ್ವರ ಕೊನೆಯ ಕಛೇರಿಯಾಗುತ್ತದೆಂದು ಯಾರೂ ಎಣಿಸಿರಲಿಲ್ಲ.

ಎರಡನೆಯ ಆಲ್ಬಂ ಬರಲು ಐದೂವರೆ ವರ್ಷ ಏಕೆ ಹಿಡಿಯಿತು? ಸೋಮಾರಿತನ, ಮಾದಕವಸ್ತು, ಅಹಂಕಾರ ಎಂದು ಪತ್ರಿಕೆಗಳು ಬರೆದವು. ಅವೆಲ್ಲ ಇದ್ದಿರಬಹುದು; ಮೊದಲ ಕಾರಣ ಮಾತ್ರ ಒಂದು ಕರಾರುಪತ್ರ. 1988ರಲ್ಲಿ, ಕೈಯಲ್ಲಿ ಕಾಸಿಲ್ಲದಾಗ, ಇವರು ಸಿಲ್ವರ್‌ಟೋನ್ ಸಂಸ್ಥೆಯೊಂದಿಗೆ ಸಹಿ ಹಾಕಿದ್ದರು. ಕರಾರನ್ನು ಮತ್ತೆಮತ್ತೆ ಮುಂದುವರಿಸುವ ಹಕ್ಕು ಸಂಸ್ಥೆಗೆ ಮಾತ್ರ ಇತ್ತು. ಮುದ್ರಿಸಿದ ಹಾಡನ್ನು ಬಿಡುಗಡೆ ಮಾಡಲೇಬೇಕೆಂಬ ಕಟ್ಟುಪಾಡು ಸಂಸ್ಥೆಗಿರಲಿಲ್ಲ, ಬೇರೆಡೆಗೆ ಹೋಗುವ ಸ್ವಾತಂತ್ರ್ಯ ತಂಡಕ್ಕಿರಲಿಲ್ಲ. ಹೆಸರು ಬಂದ ಮೇಲೆ ಇದರಿಂದ ಬಿಡಿಸಿಕೊಳ್ಳಲು ಹೊರಟಾಗ, 1990ರ ಸೆಪ್ಟೆಂಬರ್‌ನಲ್ಲಿ ಸಂಸ್ಥೆ ನ್ಯಾಯಾಲಯದಿಂದ ತಡೆಯಾಜ್ಞೆ ತಂದಿತು. ತಂಡ ಬೇರೆಲ್ಲೂ ಹಾಡನ್ನು ಹೊರತರುವಂತಿಲ್ಲ.

1991ರ ಮೇ ತಿಂಗಳಿನಲ್ಲಿ ತೀರ್ಪು ತಂಡದ ಪರವಾಗಿ ಬಂತು. ಅದರ ತಿರುಳು ಇಷ್ಟು: ದುಡಿಯುವವನ ಕೈಯನ್ನು ಅನುಚಿತವಾಗಿ ಕಟ್ಟಿಹಾಕುವ, ಎಲ್ಲ ಬಲವೂ ಒಂದೇ ಕಡೆಗಿರುವ ಕರಾರನ್ನು ನ್ಯಾಯಾಲಯ ಜಾರಿಮಾಡದು. ವೃತ್ತಿನಿರ್ಬಂಧದ ಕುರಿತಾದ ಈ ತತ್ತ್ವ ಇಂಗ್ಲಿಷ್ ನ್ಯಾಯಶಾಸ್ತ್ರದಲ್ಲಿ ಹಳೆಯದು. 1974ರಲ್ಲಿ ಟೋನಿ ಮೆಕಾಲೆ ಎಂಬ ಗೀತರಚನೆಕಾರನ ಪ್ರಕರಣದಲ್ಲಿ ಹೌಸ್ ಆಫ್ ಲಾರ್ಡ್ಸ್ ಇದನ್ನು ಸಂಗೀತದ ಕರಾರುಗಳಿಗೂ ಅನ್ವಯಿಸಿತ್ತು. ನಮ್ಮಲ್ಲಿ 1872ರ ಕರಾರು ಕಾಯಿದೆಯ 27ನೆಯ ಕಲಮು ಇಂತಹ ನಿರ್ಬಂಧವನ್ನು ಇನ್ನೂ ಬಿಗಿಯಾದ ಮಾತಿನಲ್ಲಿ ಅನೂರ್ಜಿತವೆನ್ನುತ್ತದೆ. ಸ್ಟೋನ್ ರೋಸಸ್ ಪ್ರಕರಣವನ್ನು ಕಾನೂನಿನ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಅದರ ಹೆಸರು 'ಸಿಲ್ವರ್‌ಟೋನ್ ರೆಕಾರ್ಡ್ಸ್ ವಿರುದ್ಧ ಮೌಂಟ್‌ಫೀಲ್ಡ್'. ಮೌನ್‌ಫೀಲ್ಡ್ ಎಂಬ ಮ್ಯಾನಿಯ ಮನೆತನದ ಹೆಸರಿಗೆ ನ್ಯಾಯಾಲಯದ ದಾಖಲೆ ಇಲ್ಲದ ಅಕ್ಷರವೊಂದನ್ನು ಸೇರಿಸಿದೆ. ಪರದೇಶದ ಕಚೇರಿಗಳಲ್ಲಿ ತಮ್ಮ ಹೆಸರು ಅಂಗಭಂಗವಾಗುವುದನ್ನು ಕಂಡ ನಮಗೆ, ಊರಿನವರ ಪಾಡೂ ಅಷ್ಟೇ ಎಂದು ತಿಳಿದು ಸ್ವಲ್ಪ ಸಮಾಧಾನ!

ಗೆದ್ದರು, ಅಮೆರಿಕದ ಗೆಫೆನ್ ಕಂಪನಿಯಿಂದ ದೊಡ್ಡ ಮೊತ್ತದ ಹೊಸ ಕರಾರೂ ಆಯಿತು. ಕಳೆದುಹೋದದ್ದು ಬೇರೆ. ಒಂದು ಕೋಣೆಯಲ್ಲಿ ದಿನವೂ ಕಲೆತು ನುಡಿಸುತ್ತಿದ್ದ ನಾಲ್ವರು ಮೊಕದ್ದಮೆಯ ಕಾಲದಲ್ಲಿ ಕೈಕಟ್ಟಿ ಕುಳಿತರು. ಆಮೇಲೆ ಹಣ ಬಂತು, ಸಂಸಾರಗಳಾದವು, ಮನೆಗಳು ದೂರದೂರವಾದವು. 1994ರ ಡಿಸೆಂಬರ್ 5ರಂದು ಕೊನೆಗೂ 'ಸೆಕೆಂಡ್ ಕಮಿಂಗ್' ಬಂದಾಗ ಹಾಡುಗಳ ಕೆಳಗಿನ ಹೆಸರುಗಳನ್ನು ನೋಡಿದರೆ ಸಾಕಾಗಿತ್ತು. ಬಹುತೇಕ ಹಾಡುಗಳಿಗೆ ಸ್ಕ್ವಯರ್ ಒಬ್ಬನದೇ ಹೆಸರು. ಸಿಲ್ವನ್ ಅವೆನ್ಯೂವಿನ ಗೆಳೆಯರು ಜೊತೆಯಾಗಿ ಬರೆಯುವುದನ್ನು ನಿಲ್ಲಿಸಿದ್ದರು. ಗಿಟಾರ್ ಮುಗಿಲಿಗೇರಿದೆ, ಹಾಡುಗಾರನ ಮಾತು ಅದರಡಿಯಲ್ಲಿ ಮುಚ್ಚಿಹೋಗಿದೆ. ಆ ಆಲ್ಬಮ್ಮನ್ನು ಸಾರಾಸಗಟಾಗಿ ತಳ್ಳಿಹಾಕುವವರ ಸಾಲಿಗೆ ನಾನು ಸೇರುವವನಲ್ಲ; 'ಲವ್ ಸ್ಪ್ರೆಡ್ಸ್' ಮತ್ತು 'ಟೆನ್ ಸ್ಟೋರಿ ಲವ್ ಸಾಂಗ್' ಇಂದಿಗೂ ತಾಜಾ. ಆದರೆ ಅದು ಒಬ್ಬ ಗಿಟಾರ್ ವಾದಕ ಮೂವರು ಪಕ್ಕವಾದ್ಯದವರೊಂದಿಗೆ ಮಾಡಿದ ಕಛೇರಿಯಂತಿದೆ, ಮೇಳದಂತಿಲ್ಲ.

ಕುಸಿತ ಬೇಗನೆ ಬಂತು. 1995ರ ವಸಂತದಲ್ಲಿ ರೆನಿ ಹೊರನಡೆದ. ಆ ಬೇಸಿಗೆಯಲ್ಲಿ ಗ್ಲಾಸ್ಟನ್‌ಬರಿ ಉತ್ಸವದ ಮುಖ್ಯ ವೇದಿಕೆ ಇವರದಾಗಬೇಕಿತ್ತು. ಸ್ಕ್ವಯರ್ ಕ್ಯಾಲಿಫೋರ್ನಿಯಾದಲ್ಲಿ ಸೈಕಲ್ಲಿನಿಂದ ಬಿದ್ದು ಕೊರಳೆಲುಬು ಮುರಿದುಕೊಂಡ. ಬದಲಿಗೆ ಬಂದ ಶೆಫೀಲ್ಡ್‌ನ ಪಲ್ಪ್ ತಂಡ ಆ ಒಂದು ರಾತ್ರಿಯಿಂದಲೇ ನಾಡಿನ ಕಣ್ಮಣಿಯಾಯಿತು. ಮರುವರ್ಷದ ವಸಂತದಲ್ಲಿ ಸ್ಕ್ವಯರ್ ಕೂಡ ಬಿಟ್ಟ.

ಅವನ ಜಾಗಕ್ಕೆ ಬಂದವರು ಅಝೀಜ್ ಇಬ್ರಾಹಿಂ. ಮ್ಯಾಂಚೆಸ್ಟರಿನ ಲಾಂಗ್‌ಸೈಟ್‌ನಲ್ಲಿ, ಪಾಕಿಸ್ತಾನದಿಂದ ಬಂದ ಕುಟುಂಬದಲ್ಲಿ ಬೆಳೆದ ಗಿಟಾರ್ ವಾದಕ. ಅದಕ್ಕೆ ಮೊದಲೇ ಸಿಂಪ್ಲಿ ರೆಡ್ ತಂಡದೊಂದಿಗೆ ನುಡಿಸಿ ಪಳಗಿದವರು. 1980-90ರ ದಶಕಗಳ ಬ್ರಿಟಿಷ್ ಗಿಟಾರ್ ತಂಡಗಳ ಚಿತ್ರಗಳನ್ನು ನೋಡಿದವರಿಗೆ ನಮ್ಮ ಬಣ್ಣದ ಮುಖ ಅಲ್ಲಿ ಎಷ್ಟು ಅಪರೂಪವೆಂದು ಗೊತ್ತು. ನಾಡೇ ಕೊಂಡಾಡಿದ ಗಿಟಾರ್ ವಾದಕನ ಜಾಗದಲ್ಲಿ ನಿಲ್ಲುವ ಅವಕಾಶ ಅವರಿಗೆ ಬಂದದ್ದು ಮನೆ ಉರಿಯುತ್ತಿದ್ದ ಹೊತ್ತಿನಲ್ಲಿ. 1996ರ ಆಗಸ್ಟ್‌ನಲ್ಲಿ ರೆಡಿಂಗ್ ಉತ್ಸವದಲ್ಲಿ ತಂಡ ನೆಲಕಚ್ಚಿತು. ಬ್ರೌನ್‌ನ ಶ್ರುತಿ ತಪ್ಪಿದ ಹಾಡುಗಾರಿಕೆಯ ಧ್ವನಿಮುದ್ರಣ ಇಂದಿಗೂ ಗೇಲಿಗೆ ಗುರಿಯಾಗಿದೆ. ಇಬ್ರಾಹಿಂ ಅಂದು ತಮ್ಮ ಕೆಲಸವನ್ನು ಚೊಕ್ಕವಾಗಿಯೇ ಮಾಡಿದರು. ಸ್ಕ್ವಯರ್ ಅಲ್ಲದಿದ್ದುದಷ್ಟೇ ಅವರ ತಪ್ಪು. ಅಕ್ಟೋಬರಿನಲ್ಲಿ ತಂಡ ಮುಚ್ಚಿತು. ಅವರು ಅಲ್ಲಿಗೇ ನಿಲ್ಲಲಿಲ್ಲ. ಬ್ರೌನ್‌ನ 1998ರ ಮೊದಲ ಸ್ವಂತ ಆಲ್ಬಮ್ಮಿಗೆ ಹಾಡುಗಳನ್ನು ಜೊತೆಗೂಡಿ ಕಟ್ಟಿದರು. ತಬಲಾ ವಾದಕ ದಲ್ಬೀರ್ ಸಿಂಗ್ ರತ್ತನ್ ಅವರೊಂದಿಗೆ ಸೇರಿ ಗಿಟಾರಿಗೂ ತಬಲಾಕ್ಕೂ ಹೊಸ ನಂಟು ಬೆಸೆದರು. ತಮ್ಮ ಸ್ವಂತ ಆಲ್ಬಮ್ಮಿಗೆ 'ಲಾಹೋರ್ ಟು ಲಾಂಗ್‌ಸೈಟ್' ಎಂದು ಹೆಸರಿಟ್ಟರು. ತಂಡದ ಚರಿತ್ರೆಗಳಲ್ಲಿ ಇವರಿಗೆ ಸಿಗುವುದು ಒಂದೆರಡು ಸಾಲು. ಇಲ್ಲಿ ಒಂದು ಪ್ಯಾರಾ ಕೊಟ್ಟಿದ್ದೇನೆ.

ಮುಂದಿನ ಹದಿನೈದು ವರ್ಷ ನಾಲ್ವರದು ನಾಲ್ಕು ದಿಕ್ಕು. ಮ್ಯಾನಿ ಪ್ರೈಮಲ್ ಸ್ಕ್ರೀಮ್ ತಂಡ ಸೇರಿ ಅದಕ್ಕೆ ಹೊಸ ಕಸುವು ತಂದ. ಸ್ಕ್ವಯರ್ ಸೀಹಾರ್ಸಸ್ ಎಂಬ ತಂಡ ಕಟ್ಟಿ, ಬಿಟ್ಟು, ಚಿತ್ರಕಾರನಾದ. ಬ್ರೌನ್ ಒಂಟಿ ಹಾಡುಗಾರನಾಗಿ ಬೆಳೆದ. ನಡುವೆ ವಿಮಾನದಲ್ಲಿ ಮಾಡಿದ ಜಗಳಕ್ಕಾಗಿ ಮ್ಯಾಂಚೆಸ್ಟರಿನ ಸ್ಟ್ರೇಂಜ್‌ವೇಸ್ ಸೆರೆಮನೆಯನ್ನೂ ಕಂಡ. ರೆನಿ ಬಹುಮಟ್ಟಿಗೆ ಕಣ್ಮರೆಯಾದ. ಬ್ರೌನ್ ಮತ್ತು ಸ್ಕ್ವಯರ್ ನಡುವೆ ಮಾತಿರಲಿಲ್ಲ. ಮತ್ತೆ ಕೂಡುವಿರಾ ಎಂಬ ಪ್ರಶ್ನೆಯಿಂದ ಬೇಸತ್ತ ಸ್ಕ್ವಯರ್ 2009ರಲ್ಲಿ ಒಂದು ಕಲಾಕೃತಿಯನ್ನೇ ರಚಿಸಿದ. ಆ ತಂಡದ ಸಮಾಧಿಯನ್ನು ಅಪವಿತ್ರಗೊಳಿಸುವ ಆಸೆ ತನಗಿಲ್ಲ ಎಂಬರ್ಥದ ವಾಕ್ಯ ಅದರಲ್ಲಿತ್ತು.

ಆ ವಾಕ್ಯ ಎರಡು ವರ್ಷ ಬಾಳಿತು. 2011ರಲ್ಲಿ ಮ್ಯಾನಿಯ ತಾಯಿ ತೀರಿಕೊಂಡರು. ಬ್ರೌನ್ ಮತ್ತು ಸ್ಕ್ವಯರ್ ಇಬ್ಬರೂ ಅಂತ್ಯಕ್ರಿಯೆಗೆ ಬಂದರು. ನಮ್ಮಲ್ಲಿಯೂ ಎಷ್ಟೋ ದಾಯಾದಿ ಮನೆಗಳ ಹಳೆಯ ಹಗೆ ಸಾವಿನ ಮನೆಯ ಅಂಗಳದಲ್ಲಿ ಕರಗಿದ್ದುಂಟು. ಮದುವೆಗೆ ಬಾರದವರೂ ಹೆಗಲು ಕೊಡಲು ಬರುತ್ತಾರೆ. ಪತ್ರಿಕೆಗಳು ವಾಸನೆ ಹಿಡಿದು ಮರುಮಿಲನದ ಸುದ್ದಿ ಹಬ್ಬಿಸಿದಾಗ, ತನ್ನ ಖಾಸಗಿ ದುಃಖವನ್ನು ಸುದ್ದಿಯಾಗಿಸಿದರೆಂದು ಮ್ಯಾನಿ ಕೆಂಡವಾದ, ಎಲ್ಲವನ್ನೂ ಅಲ್ಲಗಳೆದ. ಅದೇ ವರ್ಷದ ಅಕ್ಟೋಬರ್ 18ರಂದು ನಾಲ್ವರೂ ಲಂಡನ್ನಿನಲ್ಲಿ ಪತ್ರಕರ್ತರ ಮುಂದೆ ಒಂದೇ ಮೇಜಿಗೆ ಕುಳಿತಿದ್ದರು.

ಮೊದಲ ಪರೀಕ್ಷೆ 2012ರ ಮೇ 23ರಂದು, ಬ್ರೌನ್ ಹುಟ್ಟಿದ ವಾರಿಂಗ್ಟನ್ನಿನ ಪಾರ್ ಹಾಲ್‌ನಲ್ಲಿ. ಅಂದೇ ಮಧ್ಯಾಹ್ನ ಸುದ್ದಿ ಬಿಟ್ಟರು. ಸುಮಾರು ಒಂದು ಸಾವಿರ ಮಂದಿಗೆ ಉಚಿತ ಪ್ರವೇಶ, ಮೊದಲು ಬಂದವರಿಗೆ ಮೊದಲು. ತಂಡದ ಹಳೆಯ ಅಂಗಿಯನ್ನೋ ಮುದ್ರಿಕೆಯನ್ನೋ ಅಭಿಮಾನದ ಗುರುತಾಗಿ ತೋರಿಸಬೇಕು. ಶೇನ್ ಮೆಡೋಸ್ ನಿರ್ದೇಶಿಸಿದ 'ಮೇಡ್ ಆಫ್ ಸ್ಟೋನ್' ಎಂಬ 2013ರ ಸಾಕ್ಷ್ಯಚಿತ್ರದಲ್ಲಿ ಈ ಮಧ್ಯಾಹ್ನದ ದೃಶ್ಯಗಳಿವೆ. ಕೆಲಸದ ಸಮವಸ್ತ್ರದಲ್ಲೇ ಓಡಿಬಂದವರು, ಮಗುವನ್ನು ಎತ್ತಿಕೊಂಡು ಬಂದವರು, ಸಿಕ್ಕವರು, ಸಿಗದೆ ಗೇಟಿನ ಬಳಿ ನಿಂತವರು. ಇಡೀ ಮರುಮಿಲನದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಮಾರಾಟಕ್ಕೆ ಏನೂ ಇಲ್ಲದ ಒಂದೇ ಒಂದು ಸಂಜೆ.

ಜೂನ್ 12ರಂದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ರೆನಿ ಕೊನೆಯ ಹಾಡಿಗೆ ಮುನ್ನ ಎದ್ದುಹೋದ. ಬ್ರೌನ್ ವೇದಿಕೆಯ ಮೇಲೆಯೇ ಅವನನ್ನು ಬೈದ. ಮುಗಿಯಿತೆಂದು ಎಲ್ಲರೂ ಭಾವಿಸಿದರು. ಹದಿನೇಳು ದಿನಗಳ ಬಳಿಕ ಹೀಟನ್ ಪಾರ್ಕಿನ ಮೊದಲ ರಾತ್ರಿ ನಾಲ್ವರೂ ನುಡಿಸಿದರು. ಆ ರಾತ್ರಿಗಳ ಧ್ವನಿಮುದ್ರಣಗಳಲ್ಲಿ ಬ್ರೌನ್‌ನ ಶ್ರುತಿ ಅಲ್ಲಲ್ಲಿ ತಪ್ಪುವುದು ಕೇಳುತ್ತದೆ. ಜನರೇ ಹಾಡುತ್ತಿದ್ದುದರಿಂದ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ಕೇಳಬೇಕಾದದ್ದು ಡ್ರಮ್ಸ್ ಮತ್ತು ಬೇಸ್. ಇಪ್ಪತ್ತೆರಡು ವರ್ಷ ಒಬ್ಬರ ಎದುರು ಒಬ್ಬರು ಜನರ ಮುಂದೆ ನುಡಿಸದಿದ್ದ ರೆನಿ ಮತ್ತು ಮ್ಯಾನಿ, ಬಿಟ್ಟ ಮಾತನ್ನು ಮುಂದುವರಿಸುವವರಂತೆ ನುಡಿಸುತ್ತಾರೆ.

ಹಣಕ್ಕಾಗಿ ಮಾಡಿದರು ಎಂಬ ಆಕ್ಷೇಪ ಆಗಲೂ ಇತ್ತು, ಈಗಲೂ ಇದೆ. ಹಣ ಬಂದದ್ದು ನಿಜ. ಬಾರದಿರಲು ಅವರೇನು ಸಂನ್ಯಾಸಿಗಳೇ? ನನ್ನ ತಕರಾರು ಬೇರೆ ದಿಕ್ಕಿನದು. ಮೂರನೆಯ ಆಲ್ಬಂ ಬರಲಿಲ್ಲ. 2016ರಲ್ಲಿ 'ಆಲ್ ಫಾರ್ ಒನ್', 'ಬ್ಯೂಟಿಫುಲ್ ಥಿಂಗ್' ಎಂಬ ಎರಡು ಹಾಡುಗಳು ಬಂದವು. ಮೊದಲನೆಯದು ಸಾಧಾರಣ, ಎರಡನೆಯದರಲ್ಲಿ ಹಳೆಯ ಬಳುಕಿನ ಸುಳಿವಿದೆ. ಐದು ವರ್ಷದ ಮರುಮಿಲನಕ್ಕೆ ಫಲ ಇಷ್ಟೇ. ಅದೇ ಬೇಸಿಗೆಯಲ್ಲಿ ಮ್ಯಾಂಚೆಸ್ಟರಿನ ಎತಿಹಾದ್ ಕ್ರೀಡಾಂಗಣದಲ್ಲಿ ನಾಲ್ಕು ರಾತ್ರಿ ನುಡಿಸಿದರು. ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಕಟ್ಟಾ ಅಭಿಮಾನಿಗಳಾದ ಬ್ರೌನ್ ಮತ್ತು ಮ್ಯಾನಿಗೆ ಎದುರಾಳಿ ಸಿಟಿ ತಂಡದ ಅಂಗಳದಲ್ಲಿ ನಿಲ್ಲುವುದು ಸುಲಭದ ಮಾತಲ್ಲ. 2017ರ ಜೂನ್‌ನಲ್ಲಿ ಲಂಡನ್ನಿನ ವೆಂಬ್ಲಿ, ಆಮೇಲೆ 20 ಮತ್ತು 21ರಂದು ಲೀಡ್ಸ್‌ನ ಒಳಾಂಗಣ ಸಭಾಂಗಣ. 24ರಂದು ಗ್ಲಾಸ್ಗೋದ ಹ್ಯಾಂಪ್ಡನ್ ಪಾರ್ಕ್. ಅಲ್ಲಿ ಬ್ರೌನ್, ಮುಗಿಯಿತೆಂದು ದುಃಖಿಸಬೇಡಿ, ನಡೆಯಿತಲ್ಲ ಎಂದು ಸಂತೋಷಪಡಿ ಎಂಬ ಅರ್ಥದ ಮಾತಾಡಿ ವೇದಿಕೆಯಿಂದಿಳಿದ. ವಿಧಿವತ್ತಾದ ಪ್ರಕಟಣೆ ಏನೂ ಬರಲಿಲ್ಲ. 2019ರಲ್ಲಿ ಸಂದರ್ಶನವೊಂದರಲ್ಲಿ ಸ್ಕ್ವಯರ್ ತಂಡ ಮುಗಿದಿರುವುದನ್ನು ಖಚಿತಪಡಿಸಿದ.

ಇಂಗ್ಲೆಂಡಿನ ಈ ಭಾಗದ ಇತರ ತಂಡಗಳ ಪಕ್ಕದಲ್ಲಿಟ್ಟು ನೋಡಿದರೆ ಇವರದು ಅದೃಷ್ಟವೆಂದೇ ತೋರುತ್ತದೆ. ಲೀಡ್ಸ್‌ನ ಗ್ಯಾಂಗ್ ಆಫ್ ಫೋರ್ ತಂಡದ ಮೂಲ ನಾಲ್ವರು 2004ರಲ್ಲಿ ಮತ್ತೆ ಸೇರಿದರು, ಬಹುಕಾಲ ಉಳಿಯಲಿಲ್ಲ. ಬರ್ಮಿಂಗ್‌ಹ್ಯಾಮ್‌ನ ಬ್ಲ್ಯಾಕ್ ಸ್ಯಾಬತ್ ತಂಡದ ಮೂಲ ನಾಲ್ವರು 2025ರ ಜುಲೈ 5ರಂದು ತಮ್ಮ ಕೇರಿಯ ವಿಲ್ಲಾ ಪಾರ್ಕ್‌ನಲ್ಲಿ ಕೊನೆಯ ಸಲ ಕೂಡಿದರು. ಹದಿನೇಳು ದಿನಗಳಲ್ಲಿ ಹಾಡುಗಾರ ಆಝೀ ಆಸ್‌ಬರ್ನ್ ತೀರಿಕೊಂಡ. ಮ್ಯಾಂಚೆಸ್ಟರಿನ ದಿ ಸ್ಮಿತ್ಸ್ 1987ರಲ್ಲಿ ಒಡೆದವರು ಗಳಿಕೆಯ ಪಾಲಿಗಾಗಿ ನ್ಯಾಯಾಲಯಕ್ಕೂ ಹೋದರು, ಮತ್ತೆ ಕೂಡಲೇ ಇಲ್ಲ. 2023ರಲ್ಲಿ ಅವರ ಬೇಸ್ ವಾದಕ ಆ್ಯಂಡಿ ರೂರ್ಕ್ ತೀರಿಹೋದ ಮೇಲೆ ಆ ಮಾತೇ ಉಳಿಯಲಿಲ್ಲ. ಸ್ಟೋನ್ ರೋಸಸ್‌ನಿಂದ ಸ್ಫೂರ್ತಿ ಪಡೆದ ಓಯಸಿಸ್‌ನ ಅಣ್ಣತಮ್ಮಂದಿರು ಹದಿನಾರು ವರ್ಷದ ಮುನಿಸು ಮುರಿದು 2025ರ ಜುಲೈಯಲ್ಲಿ ಐದು ರಾತ್ರಿ ನುಡಿಸಿದ್ದು ಅದೇ ಹೀಟನ್ ಪಾರ್ಕಿನಲ್ಲಿ.

ಆ ವರ್ಷದ ನವೆಂಬರ್ 20ರಂದು, ತನ್ನ 63ನೆಯ ಹುಟ್ಟುಹಬ್ಬ ಕಳೆದು ನಾಲ್ಕೇ ದಿನಕ್ಕೆ, ಮ್ಯಾನಿ ತೀರಿಕೊಂಡ. ಅವನ ತಾಯಿಯ ಅಂತ್ಯಕ್ರಿಯೆಯಲ್ಲಿ ಕೂಡಿದ ತಂಡ ಇನ್ನು ಕೂಡುವಂತಿಲ್ಲ. ಆ ವಾರ ಊರಿನಲ್ಲಿ ಎಲ್ಲಿ ಹೋದರೂ ಆ ಹಾಡುಗಳು. ಸುದ್ದಿ ಕೇಳಿದ ಸಂಜೆ ನಾನು ಮತ್ತೆ ಹಾಕಿದ್ದು ಮೊದಲ ಆಲ್ಬಮ್ಮಿನ ಕೊನೆಯ ಹಾಡು, 'ಐ ಆ್ಯಮ್ ದ ರೆಸರೆಕ್ಷನ್'. ಎಂಟು ನಿಮಿಷಕ್ಕೂ ಮಿಕ್ಕ ಈ ಹಾಡಿನಿಂದಲೇ ಅವರು ಕಛೇರಿಗಳನ್ನು ಮುಗಿಸುತ್ತಿದ್ದದ್ದು. ಈ ತಂಡವನ್ನು ಹೊಸದಾಗಿ ಕೇಳಲಿರುವವರೂ ಅಲ್ಲಿಂದಲೇ ಆರಂಭಿಸಬಹುದು. ಮೊದಲರ್ಧ ಬ್ರೌನ್ ಹಾಡುತ್ತಾನೆ, ಆಮೇಲೆ ಸುಮ್ಮನಾಗುತ್ತಾನೆ. ಉಳಿದ ನಾಲ್ಕು ನಿಮಿಷ ಮೂವರು ವಾದ್ಯಗಳಲ್ಲೇ ಮಾತಾಡಿಕೊಳ್ಳುತ್ತಾರೆ; ಬೇಸ್ ಯಾವುದೆಂದು ಗುರುತಿಸಿಕೊಂಡು ಅದರ ಹಿಂದೆಯೇ ಹೋದರೆ ಉಳಿದ ಇಬ್ಬರೂ ತಾವಾಗಿಯೇ ಸಿಗುತ್ತಾರೆ.